ಕೋಲಾರಕ್ಕೆ ಎರಡು ದಿನದ ಪ್ರವಾಸ: ಏನು ನೋಡಬೇಕು, ಏನು ತಿನ್ನಬೇಕು, ಏನನ್ನು ಅರಿತು ಬರಬೇಕು?

ಮಳೆಗಾಲ ಮುಗಿದು ಬಿಸಿಲು ಬಂತೆಂದರೆ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಯುವಜನರ ಸಂಘಟನೆ, ಸ್ತ್ರೀ ಸಂಘಟನೆ, ಗಾಯನ ಮಂಡಳಿ, ಧರ್ಮೋಪದೇಶದ ಶಿಕ್ಷಕರು, ವಾಳೆಯ ಕುಟುಂಬಗಳು ಹೀಗೆ ಒಂದೊಂದು ಗುಂಪೂ ಒಂದು ಬಸ್ಸು ಗೊತ್ತುಮಾಡುತ್ತದೆ. ಹೋಗುವ ಊರುಗಳ ಪಟ್ಟಿ ಮಾತ್ರ ವರ್ಷವರ್ಷವೂ ಅದೇ: ವೇಳಾಂಕಣಿ, ಮೈಸೂರು, ಊಟಿ, ಗೋವಾ. ಈ ಪಟ್ಟಿಯಲ್ಲಿ ಕೋಲಾರದ ಹೆಸರನ್ನು ನಾವು ಕಾಣುವುದು ಬಹಳ ವಿರಳ.

ಆದರೆ ಬಂಟ್ವಾಳದಲ್ಲಿ ಆರಂಭವಾಗುವ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿ ಹತ್ತಿ, ಹಾಸನ, ಬೆಂಗಳೂರು ದಾಟಿ, ನೇರವಾಗಿ ಕೋಲಾರ ಮತ್ತು ಮುಳಬಾಗಿಲಿನ ಮೂಲಕವೇ ವೆಲ್ಲೂರಿಗೆ ಹೋಗುತ್ತದೆ. ನಮ್ಮ ಮನೆಯ ಮುಂದಿನ ರಸ್ತೆಯೇ ಆ ಊರಿಗೆ ಮುಟ್ಟುತ್ತದೆ ಎಂದರೆ ತಪ್ಪಿಲ್ಲ. ಬೆಂಗಳೂರಿನಿಂದ ಕೋಲಾರ ಸುಮಾರು 70 ಕಿಲೋಮೀಟರ್. ಈ ಲೇಖನದಲ್ಲಿ ಎರಡು ಹಗಲಿನ ಒಂದು ಪ್ರವಾಸವನ್ನು ಹೇಗೆ ಯೋಜಿಸಬಹುದು, ಎಲ್ಲಿ ನಿಲ್ಲಬೇಕು, ಏನು ಉಣ್ಣಬೇಕು ಎಂಬುದನ್ನು ವಿವರಿಸಿದ್ದೇವೆ. ಅದರ ಜೊತೆಗೆ, ಕರಾವಳಿಯ ಜನ ಈ ಊರನ್ನು ಕಣ್ಣಾರೆ ನೋಡಬೇಕಾದ ಒಂದು ವಿಶೇಷ ಕಾರಣವನ್ನೂ ಹೇಳಲಿದ್ದೇವೆ.

ಕೋಲಾರವೇ ಏಕೆ?

ಎತ್ತಿನಹೊಳೆ ಯೋಜನೆಯ ಹೆಸರು ಕೇಳದವರು ನಮ್ಮ ಕರಾವಳಿಯಲ್ಲಿ ಇಲ್ಲ. ಸಕಲೇಶಪುರದ ಬೆಟ್ಟಗಳಲ್ಲಿ ಹುಟ್ಟಿ, ಕೆಂಪುಹೊಳೆ ಮತ್ತು ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವ ಹೊಳೆಗಳ ನೀರನ್ನು ಮೇಲಕ್ಕೆತ್ತಿ ಪೂರ್ವದ ಬರಪೀಡಿತ ಜಿಲ್ಲೆಗಳಿಗೆ ಒಯ್ಯುವ ಯೋಜನೆ ಇದು. 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ನಡೆಯಿತು. ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಆಯಿತು. ಈ ಹತ್ತು ವರ್ಷಗಳಲ್ಲಿ ನೇತ್ರಾವತಿಯನ್ನು ಉಳಿಸಬೇಕೆಂದು ನಮ್ಮ ಊರುಗಳಲ್ಲಿ ಮೆರವಣಿಗೆ, ಬಂದ್, ಸಭೆಗಳು ನಡೆದವು. ಅದೇ ಕಾಲದಲ್ಲಿ ಕೋಲಾರದ ರೈತರು ಶಾಶ್ವತ ನೀರಾವರಿಗಾಗಿ ರಸ್ತೆಗಿಳಿದಿದ್ದರು. ಎರಡೂ ಕಡೆಯ ಜನ ಕೇಳಿದ್ದು ಒಂದೇ ವಸ್ತುವನ್ನು, ಅಂದರೆ ನೀರನ್ನು.

ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಪಶ್ಚಿಮ ಘಟ್ಟದ ಕಾಡು, ಹೊಳೆಯ ಮೀನು, ಕೆಳಗಿನ ಊರುಗಳ ಬಾವಿ ಇವುಗಳ ಬಗ್ಗೆ ಕರಾವಳಿಯ ಆತಂಕಕ್ಕೆ ಆಧಾರವಿದೆ. ಆದರೆ ಯಾವುದೇ ವಾದದಲ್ಲಿ ಎದುರಿಗಿರುವವರ ಮನೆಯನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕೋಲಾರದಲ್ಲಿ ಬೀಳುವುದು ಸುಮಾರು 700ರಿಂದ 750 ಮಿಲಿಮೀಟರ್. ವರ್ಷವಿಡೀ ಹರಿಯುವ ಒಂದು ನದಿಯೂ ಆ ಜಿಲ್ಲೆಯಲ್ಲಿ ಇಲ್ಲ. ನಮ್ಮ ಹಿತ್ತಲ ಬಾವಿಯಲ್ಲಿ ಮೂವತ್ತು ನಲವತ್ತು ಅಡಿಗೆ ನೀರು ಕಾಣುತ್ತದೆ. ಅಲ್ಲಿ ಸಾವಿರ ಅಡಿ ಮೀರಿ ಕೊಳವೆಬಾವಿ ಕೊರೆಸಿಯೂ ನೀರು ಬಾರದೆ ಸಾಲ ಮಾತ್ರ ಉಳಿಸಿಕೊಂಡ ರೈತರಿದ್ದಾರೆ. ಅಷ್ಟು ಆಳದಿಂದ ಬಂದ ನೀರಿನಲ್ಲೂ ಅನೇಕ ಕಡೆ ಫ್ಲೋರೈಡ್ ಅಂಶ ಹೆಚ್ಚು. ಈ ಸಂಗತಿಗಳನ್ನು ಓದಿ ತಿಳಿಯುವುದಕ್ಕಿಂತ ಬಸ್ಸಿನ ಕಿಟಕಿಯಿಂದ ನೋಡಿ ತಿಳಿಯುವುದು ಸುಲಭ.

ಯಾವ ತಿಂಗಳಲ್ಲಿ ಹೋಗಬೇಕು?

ಕೋಲಾರ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಿಗ್ಗೆ ಚಳಿ, ಹಗಲಿನಲ್ಲಿ ಹಿತವಾದ ಬಿಸಿಲು. ಕ್ರಿಸ್‌ಮಸ್ ಮುಗಿದ ಮೇಲಿನ ವಾರ ಪ್ರವಾಸಕ್ಕೆ ಅತ್ಯುತ್ತಮ. ಅವರೆಕಾಯಿಯ ಕಾಲವೂ ಅದೇ. ಮಾವಿನ ಹಣ್ಣಿಗಾಗಿಯೇ ಹೋಗುವವರು ಮೇ ಕೊನೆಯಿಂದ ಜುಲೈ ಮಧ್ಯದೊಳಗೆ ಹೋಗಬೇಕು. ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ವೃದ್ಧರನ್ನೂ ಚಿಕ್ಕ ಮಕ್ಕಳನ್ನೂ ಕರೆದೊಯ್ಯುವುದು ಬೇಡವೆಂಬುದು ನಮ್ಮ ಸಲಹೆ.

ಬಿಸಿಲಿನ ಬಗ್ಗೆ ಒಂದು ಮಾತನ್ನು ವಿವರಿಸಬೇಕು. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಆದ್ದರಿಂದ ಬೆವರು ಒಣಗದೆ ಮೈಗೆ ಅಂಟುತ್ತದೆ, ನಮಗೆ ಸೆಕೆ ಗೊತ್ತಾಗುತ್ತದೆ, ನೀರು ಕುಡಿಯುತ್ತೇವೆ. ಬಯಲುಸೀಮೆಯ ಗಾಳಿ ಒಣಗಾಳಿ. ಅಲ್ಲಿ ಬೆವರು ಬಂದ ಕೂಡಲೇ ಆರಿಹೋಗುವುದರಿಂದ ಮೈಯಿಂದ ನೀರು ಹೋಗುತ್ತಿರುವುದೇ ತಿಳಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಕಾಲು ಸೆಳೆತ ಶುರುವಾದಾಗ ಮಾತ್ರ ಎಚ್ಚರವಾಗುತ್ತದೆ. ಬಾಯಾರಿಕೆಗೆ ಕಾಯದೆ ಗಂಟೆಗೊಮ್ಮೆ ನೀರು ಕುಡಿಸುವ ಜವಾಬ್ದಾರಿಯನ್ನು ಗುಂಪಿನ ಒಬ್ಬರಿಗೆ ವಹಿಸಿ. ಟೋಪಿ ಅಥವಾ ಕೊಡೆ, ಉಪ್ಪು ಸಕ್ಕರೆ ಬೆರೆಸಿದ ನೀರು, ಗಟ್ಟಿ ಅಟ್ಟೆಯ ಚಪ್ಪಲಿ ಅಥವಾ ಷೂ ಅಗತ್ಯ. ಕರಿಬಂಡೆ ಹನ್ನೊಂದು ಗಂಟೆಯ ಮೇಲೆ ಕಾದ ಕಾವಲಿಯಂತಾಗುತ್ತದೆ. ಬೆಟ್ಟ ಹತ್ತುವ ಕೆಲಸವನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಬೇಕು.

ಮೊದಲ ದಿನ ಬೆಳಿಗ್ಗೆ: ಲಕ್ಕೂರಿನ ದಾರಿ

ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಬೆಂಗಳೂರು ತಲುಪಿದವರು ಹೆದ್ದಾರಿಯಲ್ಲೇ ಕೋಲಾರಕ್ಕೆ ಓಡಿಬಿಡುವುದು ರೂಢಿ. ಅದರ ಬದಲು ಸರ್ಜಾಪುರದ ಕಡೆಯಿಂದ ಮಾಲೂರು ತಾಲೂಕನ್ನು ಪ್ರವೇಶಿಸಿ. ಆಗ ಲಕ್ಕೂರು ಹೋಬಳಿ ಸಿಗುತ್ತದೆ. ಇಲ್ಲಿ ಚಿಕ್ಕ ತಿರುಪತಿಯ ಪ್ರಸನ್ನ ವೆಂಕಟೇಶ್ವರ ದೇವಸ್ಥಾನ ಹೆಸರುವಾಸಿ. ಶನಿವಾರ ಜನಜಂಗುಳಿ ಇರುವುದರಿಂದ ಬಸ್ಸು ನಿಲ್ಲಿಸಲು ಸ್ಥಳ ಸಿಗದಿರಬಹುದು, ಗಮನವಿರಲಿ.

ಲಕ್ಕೂರು ಪ್ರವಾಸಿ ಪುಸ್ತಕಗಳಲ್ಲಿ ಬರುವ ಊರಲ್ಲ. ಆದರೆ ಕೋಲಾರದ ಹಳ್ಳಿಗಾಡು ಹೇಗಿದೆ ಎಂದು ತಿಳಿಯಲು ಈ ದಾರಿ ಒಳ್ಳೆಯ ಪಾಠ. ರಾಗಿ ಹೊಲ, ತರಕಾರಿ ಮತ್ತು ಹೂವಿನ ತೋಟ, ಹಿಪ್ಪುನೇರಳೆ, ಹಸು ಕಟ್ಟಿದ ಮನೆಯಂಗಳ, ಕೆರೆಯ ಏರಿ, ಅದರಾಚೆ ನೀಲಗಿರಿ ತೋಪು. ಕೋಲಾರಕ್ಕೆ ಚಿನ್ನ, ಹಾಲು, ರೇಷ್ಮೆಯ ನಾಡೆಂಬ ಹೆಸರಿದೆ. ಚಿನ್ನ ಮುಗಿಯಿತು, ಹಾಲು ಮತ್ತು ರೇಷ್ಮೆ ಇಂದಿಗೂ ಮನೆಗಳನ್ನು ನಡೆಸುತ್ತಿವೆ. ನೀಲಗಿರಿಯ ಕಥೆ ಬೇರೆ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳಿಗೂ ಈ ಮರ ಬಂತು. ಕೂಲಿಯಾಳಿನ ತೊಂದರೆ ಇಲ್ಲ, ಕೆಲವು ವರ್ಷಕ್ಕೊಮ್ಮೆ ಕಡಿದರೆ ದುಡ್ಡು ಎಂದು ರೈತರೂ ಒಪ್ಪಿದರು. ಆದರೆ ಅಂತರ್ಜಲಕ್ಕೆ ಅದು ಹೊರೆ ಎಂಬ ದೂರು ಬಲವಾಗಿ, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ಒಂದು ಕೆರೆಯ ಏರಿಯ ಮೇಲೆ ಹದಿನೈದು ನಿಮಿಷ ಬಸ್ಸು ನಿಲ್ಲಿಸಿ. ನದಿ ಇಲ್ಲದ ಈ ಸೀಮೆಯಲ್ಲಿ ಹಿರಿಯರು ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿಯ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಹೋಗುತ್ತದೆ. ನಡುವಿನ ಒಂದು ಕಾಲುವೆ ಮುಚ್ಚಿದರೂ ಕೆಳಗಿನ ಊರೆಲ್ಲ ಒಣಗುತ್ತದೆ. ಇದನ್ನು ಮಕ್ಕಳಿಗೆ ಸ್ಥಳದಲ್ಲೇ ತೋರಿಸಿದರೆ ಅವರು ಮರೆಯಲಾರರು.

ಸಾಹಿತ್ಯಾಸಕ್ತರು ಸ್ವಲ್ಪ ಸುತ್ತುಬಳಸಿ ಮಾಸ್ತಿ ಗ್ರಾಮಕ್ಕೂ ಹೋಗಬಹುದು. ಸಣ್ಣಕಥೆಗಳ ಹಿರಿಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ (1891-1986) ಅವರ ಊರು ಇದು. ‘ಚಿಕವೀರ ರಾಜೇಂದ್ರ’ ಕಾದಂಬರಿಗಾಗಿ 1983ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದವರು. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ.

ಮಾಲೂರು ಹೆಂಚು ಮತ್ತು ಶಿವಾರಪಟ್ಟಣದ ಉಳಿ

ಮಾಲೂರಿನಲ್ಲಿ ಹೆಂಚು ಮತ್ತು ಇಟ್ಟಿಗೆಯ ಕಾರ್ಖಾನೆಗಳ ಚಿಮಣಿ ಕಂಡಾಗ ಕರಾವಳಿಯವರಿಗೆ ಊರಿನ ನೆನಪಾಗುವುದು ಸಹಜ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ದೇಶಕ್ಕೆಲ್ಲ ‘ಮಂಗಳೂರು ಹೆಂಚು’ ಎಂಬ ಹೆಸರು ಕೊಟ್ಟಿತು. ನಮ್ಮಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣು ಅದಕ್ಕೆ ಆಧಾರವಾದರೆ ಮಾಲೂರಿನಲ್ಲಿ ಕೆರೆಯಂಗಳದ ಮಣ್ಣು ಆಧಾರ. ಕಾಂಕ್ರೀಟ್ ತಾರಸಿ ಬಂದ ಮೇಲೆ ಎರಡು ಕಡೆಯೂ ಈ ಕಸುಬು ಕುಗ್ಗಿತು.

ಮಾಲೂರು ತಾಲೂಕಿನದೇ ಆದ ಶಿವಾರಪಟ್ಟಣವನ್ನು ತಪ್ಪಿಸಬೇಡಿ. ಇದು ಶಿಲ್ಪಿಗಳ ಊರು. ತಲೆಮಾರುಗಳಿಂದ ಇಲ್ಲಿನ ಕುಟುಂಬಗಳು ಕಲ್ಲಿನಲ್ಲೂ ಲೋಹದಲ್ಲೂ ವಿಗ್ರಹ ಮಾಡುತ್ತಿವೆ. ಬೀದಿಯಲ್ಲಿ ನಡೆದರೆ ಮನೆ ಮನೆಯಿಂದ ಉಳಿಯ ಸದ್ದು ಕೇಳುತ್ತದೆ. ಬಂಡೆಯ ಮೇಲೆ ಮೊದಲು ಗೆರೆ ಹಾಕುವುದು, ದೊಡ್ಡ ಉಳಿಯಿಂದ ಬೇಡದ ಕಲ್ಲನ್ನು ಕೆಡವುವುದು, ಸಣ್ಣ ಉಳಿಯಿಂದ ಕಣ್ಣು ಮೂಗು ತಿದ್ದುವುದು, ಕೊನೆಗೆ ಉಜ್ಜಿ ನುಣುಪು ಮಾಡುವುದು ಹೀಗೆ ಕೆಲಸದ ಎಲ್ಲ ಹಂತಗಳನ್ನೂ ಒಂದೇ ಬೀದಿಯಲ್ಲಿ ನೋಡಬಹುದು. ಈಗ ಕೆಲವರು ಯಂತ್ರದ ಕಟರ್ ಬಳಸುತ್ತಾರೆ. ಅದರಿಂದ ಏಳುವ ಕಲ್ಲಿನ ಪುಡಿ ಉಸಿರಿಗೆ ಕೆಟ್ಟದ್ದು, ಹತ್ತಿರ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒಂದು ಸಣ್ಣ ಕಲ್ಲಿನ ದೀಪವನ್ನೋ ಆನೆಯನ್ನೋ ಕೊಂಡರೆ ಅದು ಮನೆಗೆ ನೆನಪು, ಅವರಿಗೆ ಸಂಪಾದನೆ. ದಿನಗಟ್ಟಲೆ ಕುಳಿತು ಕೆತ್ತಿದ ವಸ್ತುವಿಗೆ ಅರ್ಧ ಬೆಲೆ ಕೇಳುವುದು ಸಲ್ಲದು.

ಮೊದಲ ದಿನ ಮಧ್ಯಾಹ್ನ: ಕೆ.ಜಿ.ಎಫ್.

ಬಂಗಾರಪೇಟೆಯ ಮೂಲಕ ಕೋಲಾರ ಗೋಲ್ಡ್ ಫೀಲ್ಡ್ಸ್‌ಗೆ ಹೋಗಿ. 2018 ಮತ್ತು 2022ರ ಚಲನಚಿತ್ರಗಳಿಂದಾಗಿ ನಮ್ಮ ಯುವಕರಿಗೆ ಈ ಹೆಸರು ಬಾಯಿಪಾಠ. ಆದರೆ ನಿಜವಾದ ಕೆ.ಜಿ.ಎಫ್. ಕಥೆ ಸಿನಿಮಾದ ಕಥೆಗಿಂತ ದೊಡ್ಡದು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆ ಇಲ್ಲಿ ದೊಡ್ಡ ಪ್ರಮಾಣದ ಗಣಿಗಾರಿಕೆಗೆ ಕೈಹಾಕಿತು. ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ಈ ನೆಲದಿಂದ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂತು. ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳಕ್ಕೆ ಇಳಿದು ಪ್ರಪಂಚದ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತು. ಆ ಆಳದಲ್ಲಿ ಬಂಡೆಯ ಉಷ್ಣ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಗಣಿ ಯಂತ್ರಗಳಿಗಾಗಿ 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರ ವಿದ್ಯುತ್ ತಂತಿ ಎಳೆಯಲಾಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿದ್ದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ! 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಇದೇ ಗಣಿಯ ಆಳದಲ್ಲಿ ವಾತಾವರಣದಿಂದ ಬರುವ ನ್ಯೂಟ್ರಿನೊ ಕಣದ ಗುರುತನ್ನು ಹಿಡಿದರು.

ಈ ಎಲ್ಲ ಕೀರ್ತಿಯ ಕೆಳಗೆ ದುಡಿದವರು ತಮಿಳು ಮತ್ತು ತೆಲುಗು ಮಾತನಾಡುವ ಬಡ ಕಾರ್ಮಿಕರು, ಬಹುಪಾಲು ದಲಿತ ಕುಟುಂಬಗಳವರು. ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ತುತ್ತಾದವರು ಅನೇಕರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗಳನ್ನು ಮುಚ್ಚಿತು. ಆ ಬಳಿಕ ಊರಿನವರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರಾದರು. ಮಾರಿಕುಪ್ಪಂ ನಿಲ್ದಾಣದಲ್ಲಿ ಈ ದೃಶ್ಯವನ್ನು ಕಾಣಬಹುದು.

ನೋಡಲು ಏನಿದೆ? ಗಣಿಯೊಳಗೆ ಪ್ರವೇಶವಿಲ್ಲ, ಬಾವಿಗಳಲ್ಲಿ ನೀರು ತುಂಬಿದೆ. ಹೊರಗಿನಿಂದ ಗಣಿಯ ಉಕ್ಕಿನ ಗೋಪುರಗಳು, ಬ್ರಿಟಿಷರ ಕಾಲದ ಬಂಗಲೆಗಳು, ಕಾರ್ಮಿಕರ ಲೈನ್ ಮನೆಗಳು ಕಾಣಸಿಗುತ್ತವೆ. ಎರಡನ್ನೂ ಒಂದೇ ದಿನ ನೋಡಿದವರಿಗೆ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಂಪಿಯನ್ ರೀಫ್ಸ್‌ನ ವಿಜಯ ಮಾತೆಯ ಚರ್ಚ್ ಕಾರ್ಮಿಕ ಕುಟುಂಬಗಳು ತಲೆತಲಾಂತರದಿಂದ ಪ್ರಾರ್ಥಿಸಿದ ಸ್ಥಳ. ಊರ್ಗಾಂನಲ್ಲಿ ಸಂತ ಮೈಕಲ್ ಮತ್ತು ಸರ್ವ ದೇವದೂತರ ಹೆಸರಿನ ಸಿ.ಎಸ್.ಐ. ಚರ್ಚ್ ಇದೆ. ಕೋಲಾರ ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು. ಭಾನುವಾರದ ಬಲಿಪೂಜೆಯ ವೇಳೆ ಮತ್ತು ಭಾಷೆಯನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಸೈನೈಡ್ ದಿಬ್ಬಗಳ ಬಗ್ಗೆ ಎಚ್ಚರಿಕೆ. ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದು ಆದ ಬೆಟ್ಟಗಳಿವು. ಮೂರು ಕೋಟಿ ಟನ್ನಿಗೂ ಮೀರಿದ ರಾಶಿ. ಸಿನಿಮಾಗಳಲ್ಲಿ ಚೆಂದ ಕಾಣುತ್ತವೆ. ಆದರೆ ಅದರಲ್ಲಿ ರಾಸಾಯನಿಕದ ಉಳಿಕೆಯಿದೆ, ಗಾಳಿ ಬೀಸಿದರೆ ನುಣ್ಣನೆಯ ಧೂಳು ಏಳುತ್ತದೆ. ಮೊಬೈಲಿನ ಒಂದು ಫೋಟೋಗಾಗಿ ಮಕ್ಕಳನ್ನು ಅದರ ಮೇಲೆ ಹತ್ತಿಸಬೇಡಿ. ದೂರದ ರಸ್ತೆಯಿಂದಲೇ ನೋಡಿ.

ಹತ್ತಿರದ ಕಮ್ಮಸಂದ್ರದಲ್ಲಿ ಕೋಟಿಲಿಂಗೇಶ್ವರ ಕ್ಷೇತ್ರವಿದೆ. 108 ಅಡಿ ಎತ್ತರದ ಲಿಂಗ, ಎದುರಿಗೆ 35 ಅಡಿಯ ನಂದಿ, ಸುತ್ತ ಲೆಕ್ಕಕ್ಕೆ ಸಿಗದಷ್ಟು ಸಣ್ಣ ದೊಡ್ಡ ಲಿಂಗಗಳು. ಸಮಯವಿದ್ದರೆ ಒಂದು ಗಂಟೆ ಮೀಸಲಿಡಬಹುದು.

ಸಂಜೆ: ಬಂಗಾರಪೇಟೆಯ ಪಾನಿಪುರಿ

ಹಿಂದಿರುಗುವಾಗ ಬಂಗಾರಪೇಟೆಯಲ್ಲಿ ಇಳಿಯದಿದ್ದರೆ ಯುವಕರು ಬಿಡಲಾರರು. ಇಲ್ಲಿನ ಪಾನಿಪುರಿಯ ವಿಶೇಷವೇನೆಂದರೆ ಅದರ ಪಾನಿಗೆ ಬಣ್ಣವಿಲ್ಲ. ಬೇರೆ ಊರುಗಳಂತೆ ಹಸಿರಾಗಿಯೋ ಕಂದಾಗಿಯೋ ಇರದೆ, ನೋಡಲು ಬರೀ ಕುಡಿಯುವ ನೀರಿನಂತಿರುತ್ತದೆ. ಬಾಯಿಗೆ ಹಾಕಿದ ಮೇಲೆ ಖಾರದ ಅರಿವಾಗುತ್ತದೆ! ಬೆಂಗಳೂರಿನ ಮೂಲೆಮೂಲೆಯಲ್ಲೂ ಇದೇ ಹೆಸರಿನ ಬೋರ್ಡುಗಳು ಕಾಣುತ್ತವೆ; ಮೂಲ ಊರಿನಲ್ಲಿ ತಿಂದ ಸಂತೋಷ ಬೇರೆ. ಜನ ಹೆಚ್ಚು ಸೇರುವ, ತಟ್ಟೆ ಕೈ ಶುಚಿಯಾಗಿರುವ ಗಾಡಿಯನ್ನೇ ಆರಿಸಿ. ರಾತ್ರಿ ಕೋಲಾರ ನಗರದಲ್ಲಿ ತಂಗಬಹುದು.

ಎರಡನೆಯ ದಿನ: ಅಂತರಗಂಗೆಯಿಂದ ಮುಳಬಾಗಿಲಿಗೆ

ಬೆಳಿಗ್ಗೆ ಆರು ಗಂಟೆಗೆ ಎದ್ದು ಅಂತರಗಂಗೆಗೆ ಹೊರಡಿ. ನಗರದಿಂದ ಮೂರು ನಾಲ್ಕು ಕಿಲೋಮೀಟರ್ ಅಷ್ಟೆ. ಶತಶೃಂಗ ಬೆಟ್ಟಸಾಲಿನ ಮಗ್ಗುಲಲ್ಲಿ ಕಾಶಿ ವಿಶ್ವನಾಥನ ಗುಡಿ. ಅಲ್ಲಿ ಕಲ್ಲಿನ ಬಸವನ ಬಾಯಿಯಿಂದ ಸಣ್ಣ ಧಾರೆಯಾಗಿ ನೀರು ಬೀಳುತ್ತದೆ. ಜಲಪಾತ ಕಂಡ ನಮಗೆ ಅದು ಏನೂ ಅಲ್ಲವೆನಿಸಬಹುದು. ಆದರೆ ಸುತ್ತಲಿನ ಒಣ ಬೆಟ್ಟವನ್ನು ನೋಡಿ ಮತ್ತೆ ಆ ಧಾರೆಯನ್ನು ನೋಡಿದರೆ ಜನ ಅದನ್ನು ಏಕೆ ಗಂಗೆ ಎಂದು ಕರೆದರೆಂದು ಅರ್ಥವಾಗುತ್ತದೆ. ಮಳೆಯ ನೀರು ಬಂಡೆಗಳ ಬಿರುಕಿನಲ್ಲಿ ಇಂಗಿ, ನಿಧಾನವಾಗಿ ಕೆಳಗೆ ಬಂದು ಹೀಗೆ ಹೊರಬರುತ್ತದೆ. ಗಟ್ಟಿ ಕಾಲಿನವರು ಇನ್ನೂ ಮೇಲೆ ಹತ್ತಿ, ಒಂದರ ಮೇಲೊಂದು ಬಿದ್ದ ಬಂಡೆಗಳ ನಡುವಿನ ಗವಿಗಳಲ್ಲಿ ನುಸುಳಬಹುದು. ದಾರಿ ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಸುರಕ್ಷಿತ. ಮಂಗಗಳ ಕಾಟ ಇರುವುದರಿಂದ ಕೈಯಲ್ಲಿ ತಿಂಡಿಯ ಚೀಲ ಬೇಡ.

ನಗರಕ್ಕೆ ಇಳಿದ ಮೇಲೆ ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯಗಳು. ಕೋಲಾರದ ಹಳೆಯ ಹೆಸರು ಕುವಲಾಲ. ತಲಕಾಡಿಗೆ ಹೋಗುವ ಮೊದಲು ಗಂಗ ಅರಸರ ರಾಜಧಾನಿ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ಶಾಸನಗಳಿವೆ. ಇಲ್ಲೇ ಚೇಳಮ್ಮ ಎಂಬ ದೇವತೆ ಇದ್ದಾಳೆ. ಚೇಳಿನ ಕಡಿತದಿಂದ ಕಾಯುವವಳೆಂದು ಜನರ ನಂಬಿಕೆ. ಬಂಡೆ ಕಲ್ಲಿನ ನಾಡಿನಲ್ಲಿ ಬರಿಗಾಲಲ್ಲಿ ದುಡಿಯುವವರ ಭಯ ಯಾವುದಿತ್ತೆಂದು ಇದರಿಂದ ಊಹಿಸಬಹುದು. ಸೋಮೇಶ್ವರ ದೇವಾಲಯ ವಿಜಯನಗರ ಕಾಲದ್ದು. ಅದರ ಕಲ್ಯಾಣ ಮಂಟಪದ ಕಂಬಗಳ ಕೆತ್ತನೆಯನ್ನು, ಹಿಂದಿನ ದಿನ ಶಿವಾರಪಟ್ಟಣದ ಉಳಿಯನ್ನು ಕಂಡವರು ಹೊಸ ಕಣ್ಣಿನಿಂದ ನೋಡಬಲ್ಲರು. ಹೈದರಾಲಿಯ ತಂದೆ ಫತೇ ಮುಹಮ್ಮದನ ಗೋರಿಯೂ ಕೋಲಾರದಲ್ಲೇ ಇದೆ. ಹೈದರಾಲಿ ಹುಟ್ಟಿದ್ದು ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ.

ಹಂಗಾಮಿನಲ್ಲಿ ಹೋದವರು ಎ.ಪಿ.ಎಂ.ಸಿ. ಪ್ರಾಂಗಣದ ಟೊಮೆಟೊ ಮಾರುಕಟ್ಟೆಯನ್ನು ನೋಡಲೇಬೇಕು. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಇದೂ ಒಂದು. ಹದಿನೈದು ಕಿಲೋ ಹಿಡಿಯುವ ಬಾಕ್ಸುಗಳು ಗೋಡೆಯಂತೆ ಜೋಡಿಸಿರುತ್ತವೆ, ನಡುವೆ ಹರಾಜಿನ ಕೂಗು. 2023ರ ಜುಲೈನಲ್ಲಿ ಇದೇ ಬಾಕ್ಸು 2,000 ರೂಪಾಯಿ ಮೀರಿ ಮಾರಿದ್ದು ದೇಶಕ್ಕೆಲ್ಲ ಸುದ್ದಿ; ಬೆಲೆ ಕುಸಿದು ರೈತರು ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳೂ ಉಂಟು. ಸಾವಿರ ಅಡಿ ಆಳದ ನೀರಿನಿಂದ ಬೆಳೆದ ಹಣ್ಣಿದು ಎಂಬುದನ್ನು ನೆನಪಿಡಬೇಕು.

ಅಲ್ಲಿಂದ ಹೆದ್ದಾರಿಯಲ್ಲಿ 30 ಕಿಲೋಮೀಟರ್ ಹೋದರೆ ಮುಳಬಾಗಿಲು. ಮೂಡಲ ಬಾಗಿಲು, ಅಂದರೆ ಪೂರ್ವದ ಹೆಬ್ಬಾಗಿಲು ಎಂಬುದೇ ಈ ಹೆಸರಿನ ಮೂಲ. ಡಿ.ವಿ.ಜಿ. ಅವರು 1887ರಲ್ಲಿ ಹುಟ್ಟಿದ ಊರು. ಹರಿದಾಸ ಪರಂಪರೆಯ ಶ್ರೀಪಾದರಾಜರ ಮಠವೂ, ಹೈದರ್ ವಲಿ ದರ್ಗಾವೂ ಇಲ್ಲಿವೆ. ಸಮೀಪದ ಕುರುಡುಮಲೆಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಹದಿಮೂರು ಅಡಿಗೂ ಎತ್ತರದ ಗಣಪತಿ ಇದೆ. ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯ ಸಮೂಹವಿದೆ. ಬೆಟ್ಟದ ಮೇಲೆ ಸೀತೆಯ ಗುಡಿ. ಎರಡಕ್ಕೂ ಸಮಯ ಸಾಲದಿದ್ದರೆ ಆವಣಿಯನ್ನು ಆರಿಸಿ. ಜನ ಕಡಿಮೆ, ನೆಮ್ಮದಿ ಹೆಚ್ಚು.

ಏನು ಉಣ್ಣಬೇಕು?

1. ಮುಳಬಾಗಿಲು ದೋಸೆ: ನಮ್ಮ ನೀರುದೋಸೆಗೆ ಇದು ಪೂರ್ತಿ ವಿರುದ್ಧ. ಸಣ್ಣದು, ದಪ್ಪ, ತಳ ಗರಿಗರಿ, ಒಳಗೆ ಮೃದು. ಜೊತೆಗೆ ಆಲೂಗಡ್ಡೆ ಪಲ್ಯ, ಚಟ್ನಿ, ಧಾರಾಳ ತುಪ್ಪ. ಎರಡು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ.

2. ರಾಗಿ ಮುದ್ದೆ: ಕುಚ್ಚಲಕ್ಕಿ ಅನ್ನ ತಿಂದು ಬೆಳೆದ ನಾವು ಮುದ್ದೆಯನ್ನು ಅಗಿಯಲು ಹೋಗುತ್ತೇವೆ, ಹಲ್ಲಿಗೆ ಅಂಟಿ ಬೇಸರವಾಗುತ್ತದೆ. ಸಣ್ಣ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು. ಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಸಾರು, ನಾಟಿಕೋಳಿ ಸಾರು ಯಾವುದಾದರೂ ಸರಿ.

3. ಅವರೆಕಾಳು: ಡಿಸೆಂಬರ್ ಮತ್ತು ಜನವರಿಯಲ್ಲಿ ಮಾತ್ರ. ನೆನೆಸಿದ ಕಾಳಿನ ಸಿಪ್ಪೆಯನ್ನು ಒಂದೊಂದಾಗಿ ಹಿತುಕಿ ತೆಗೆದು ಮಾಡುವ ಹಿತಕಿದ ಬೇಳೆ ಸಾರಿನ ರುಚಿ ಬಾಯಲ್ಲಿ ನಿಲ್ಲುತ್ತದೆ.

4. ಮಾವು: ಶ್ರೀನಿವಾಸಪುರ ಮಾವಿನ ತವರು. ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ, ನೀಲಂ ಹೀಗೆ ತಳಿಗಳು ಹಲವು. ಮಂಡಿಯಲ್ಲಿ ಪೆಟ್ಟಿಗೆಯಾಗಿ ಕೊಂಡರೆ ಅಗ್ಗ.

ನಲವತ್ತು ಜನರ ಗುಂಪು ಏಕಾಏಕಿ ಒಂದು ಚಿಕ್ಕ ಹೋಟೆಲಿಗೆ ನುಗ್ಗಿದರೆ ಅವರಿಗೂ ಕಷ್ಟ, ನಮಗೂ ಕಷ್ಟ. ಹಿಂದಿನ ದಿನವೇ ಫೋನ್ ಮಾಡಿ ಮುದ್ದೆಯೂಟ ಹೇಳಿಬಿಡಿ.

ಅತಿಥಿಗಳಾಗಿ ನಡೆದುಕೊಳ್ಳೋಣ

ನಾವು ನೋಡುವ ಗುಡಿ, ದರ್ಗಾ, ಮಠಗಳು ಅಲ್ಲಿನವರ ಪ್ರಾರ್ಥನೆಯ ಸ್ಥಳಗಳು. ಚಪ್ಪಲಿ ಬಿಡುವುದು, ಸಭ್ಯ ಉಡುಪು, ಮೆಲುದನಿ, ಕೇಳಿ ಫೋಟೋ ತೆಗೆಯುವುದು ನಮ್ಮ ಇಗರ್ಜಿಗೆ ಬಂದವರಿಂದ ನಾವು ಬಯಸುವ ಮರ್ಯಾದೆಯೇ ತಾನೆ?

ಎಲ್ಲಕ್ಕಿಂತ ಮುಖ್ಯವಾಗಿ, ನೀರಿನಲ್ಲಿ ಮಿತವ್ಯಯ. ಲಾಡ್ಜಿನಲ್ಲಿ ಷವರ್ ತೆರೆದು ನಿಲ್ಲುವ ಅಭ್ಯಾಸವನ್ನು ಎರಡು ದಿನ ಬಿಟ್ಟು ಒಂದು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿ. ಪ್ಲಾಸ್ಟಿಕ್ ಬಾಟಲಿಗಳನ್ನು ಬೆಟ್ಟದಲ್ಲಿ ಎಸೆಯದೆ ಬಸ್ಸಿಗೇ ಮರಳಿ ತನ್ನಿ.

ಹಾದಿಯಲ್ಲಿ ತುಂಬಿದ ಕೆರೆಗಳೂ ಕಾಣುತ್ತವೆ. ಅವುಗಳಲ್ಲಿ ಅನೇಕ ಕೆರೆಗಳಿಗೆ ಬಂದಿರುವುದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿದ ನೀರು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಈ ನೀರು, ಜನರ ಬಾಯಲ್ಲಿ ಕೆ.ಸಿ. ವ್ಯಾಲಿ ನೀರು, 2018ರ ಜೂನ್‌ನಲ್ಲಿ ಮೊದಲಿಗೆ ಲಕ್ಷ್ಮೀಸಾಗರ ಕೆರೆಗೆ ಬಂತು. ನೇರವಾಗಿ ಕುಡಿಯಲು ಅಲ್ಲ, ಅಂತರ್ಜಲ ಏರಿಸಲು. ಬತ್ತಿದ ಬಾವಿಗಳಿಗೆ ನೀರು ಬಂತೆಂದು ಸಂತೋಷಪಟ್ಟವರಿದ್ದಾರೆ. ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕೆಂದು ಹೋರಾಡಿದವರೂ ಇದ್ದಾರೆ. ಬೇರೊಂದು ನಗರ ಬಳಸಿ ಬಿಟ್ಟ ನೀರಿಗಾಗಿ ಒಂದು ಜಿಲ್ಲೆ ಕಾಯುತ್ತದೆ ಎಂದರೆ ಅಲ್ಲಿನ ಬಾಯಾರಿಕೆ ಎಂಥದ್ದಿರಬೇಕು!

ಇದು ಕೇವಲ ಅವರ ಕಥೆ ಎಂದು ತಿಳಿಯಬೇಕಾಗಿಲ್ಲ. 2019 ಮತ್ತು 2023ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರು ನಗರದಲ್ಲೇ ದಿನ ಬಿಟ್ಟು ದಿನ ನೀರು ಬಿಡುವ ಪರಿಸ್ಥಿತಿ ಬಂದಿತ್ತು. ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿದರೂ ಮೇ ತಿಂಗಳಲ್ಲಿ ನಮ್ಮ ಕೊಡ ಬರಿದಾದರೆ, ಆ ಮಳೆಯನ್ನು ನಾವು ಹಿಡಿದಿಟ್ಟುಕೊಂಡಿಲ್ಲವೆಂದೇ ಅರ್ಥ. ಹನಿ ಹನಿಯನ್ನೂ ಕೆರೆಯಿಂದ ಕೆರೆಗೆ ದಾಟಿಸಿದ ಕೋಲಾರದ ಹಿರಿಯರಿಂದ ಕಲಿಯುವುದು ನಮಗೂ ಇದೆ.

ಆದ್ದರಿಂದ ಪಾಲನಾ ಮಂಡಳಿಗಳಿಗೂ ಸಂಘಟನೆಗಳ ಮುಖಂಡರಿಗೂ ನಮ್ಮದೊಂದು ಸಲಹೆ. ಈ ವರ್ಷದ ಪ್ರವಾಸದ ಪಟ್ಟಿಗೆ ಕೋಲಾರವನ್ನು ಸೇರಿಸಿ. ಎರಡು ದಿನದಲ್ಲಿ ಒಮ್ಮೆಯಾದರೂ, ಲಕ್ಕೂರಿನ ದಾರಿಯಲ್ಲೋ ಟೊಮೆಟೊ ಮಾರುಕಟ್ಟೆಯಲ್ಲೋ, ಅಲ್ಲಿನ ಒಬ್ಬ ರೈತರೊಡನೆ ಅರ್ಧ ಗಂಟೆ ಕುಳಿತು ಮಾತನಾಡಿ. ಅವರ ಕೊಳವೆಬಾವಿಯ ಆಳ ಕೇಳಿ, ನಮ್ಮ ಹೊಳೆಯ ಸ್ಥಿತಿಯನ್ನು ಹೇಳಿ. ಊರಿಗೆ ಬಂದ ಮೇಲೆ ಚರ್ಚ್ ಮತ್ತು ಶಾಲೆಯ ಮಾಡಿನ ಮಳೆನೀರನ್ನು ಬಾವಿಗೆ ಇಳಿಸುವ ಒಂದು ಕೆಲಸವನ್ನು ಮುಂದಿನ ಜೂನ್ ಒಳಗೆ ಮಾಡಿ ಮುಗಿಸಿ. ಹೊರಡುವವರೆಲ್ಲರಿಗೂ ಶುಭ ಪ್ರಯಾಣ.